ಅಳವಂಡಿ ಬಸ್ಸಿನ ಬರ್ತಡೇ

ನವೆಂಬರ್ 14, ಶುಕ್ರವಾರ. ಸಂಜೆ

ಇವತ್ತೂ ಕ್ಲಾಸಿನಲ್ಲಿ ಒಂದು ಬರ್ತಡೇ. ಕಲರ್ ಡ್ರೆಸ್, ತಲೆಗೆ ಕಾಗದದ ಕಿರೀಟ, ಕೈಯಲ್ಲಿ ಚಾಕಲೇಟ್ ಡಬ್ಬಿ. ಚಪ್ಪಾಳೆ ಹೊಡೆಸಿದೆ, ಹಾಡು ಹಾಡಿಸಿದೆ. ಒಂದನೇ ತರಗತಿಯ ಟೀಚರಿಗೆ ಇದು ಹಾಜರಿ ಕರೆದಷ್ಟೇ ರೂಢಿ. ಕಂಡವರ ಮಕ್ಕಳಿಗೆಲ್ಲ ವರ್ಷವಿಡೀ ಹ್ಯಾಪಿ ಬರ್ತಡೇ. ನನ್ನ ಮನೆಯ ಮಗುವಿಗೆ ಒಮ್ಮೆಯೂ ಇಲ್ಲ.

ಸಾಲೆ ಬಿಟ್ಟ ಮೇಲೆ ಸಮ್ಮಿಯನ್ನು ಯುಕೆಜಿ ಕೋಣೆಯಿಂದ ಕರೆದುಕೊಂಡು ಬರುವಾಗ ದಾರಿಯಲ್ಲಿ ಶುರು ಮಾಡಿದಳು.

"ಅವ್ವಾ, ನನ್ನ ಬರ್ತಡೇಕ್ಕ ಯಾರೂ ಯಾಕ ಬರಂಗಿಲ್ಲ?"

"ನಾವ ಅಳವಂಡಿಗೆ ಹೋಗ್ತೀವಲ್ಲ, ಅಜ್ಜಿ ಊರಿಗೆ."

"ಅಲ್ಲಿ ಕೇಕ್ ಇರಂಗಿಲ್ಲ. ಅಜ್ಜಿ ಅಳತಾಳ. ನನ್ನ ಬರ್ತಡೇಕ್ಕ ಅಜ್ಜಿ ಯಾಕ ಅಳತಾಳ?"

ಅಜ್ಜಿಗೆ ಕಣ್ಣು ಬ್ಯಾನಿ ಅಂದೆ. ಬಾಯಿಗೆ ಎಷ್ಟು ಸಲೀಸಾಗಿ ಬಂತು. ಸುಳ್ಳು ಹೇಳಬಾರದು ಅಂತ ಬೆಳಿಗ್ಗೆ ತಾನೇ ಬೋರ್ಡ್ ಮೇಲೆ ಬರೆಸಿದ್ದೆ, ಕಾಪಿ ರೈಟಿಂಗಿಗೆ.

ನವೆಂಬರ್ 16, ಭಾನುವಾರ. ಮಧ್ಯಾಹ್ನ

ಇಷ್ಟು ವರ್ಷ ಡೈರಿ ಬರೆಯುತ್ತೇನೆ, ಆ ಒಂದು ಮಾತು ಬರೆದಿಲ್ಲ. ಹಾಲಿನವನ ಜಗಳ ಬರೆದಿದ್ದೇನೆ, ಇವರ ಗೊರಕೆ ಬರೆದಿದ್ದೇನೆ. ಇವತ್ತು ಅದನ್ನೂ ಬರೆದುಬಿಡುತ್ತೇನೆ.

ಸಮ್ಮಿಯನ್ನು, ನಮ್ಮ ಸಮೃದ್ಧಿಯನ್ನು, ಹಡೆದವಳು ನಾನಲ್ಲ. ನನ್ನ ಅಕ್ಕ ಶಿವಲೀಲಾ.

ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಡಿಸೆಂಬರ್ ಹದಿನಾಲ್ಕಕ್ಕೆ, ದಿನ ತುಂಬುವ ಮೊದಲೇ ರಕ್ತ ಹೋಗತೊಡಗಿತು. ಅಳವಂಡಿಯಿಂದ ಕೊಪ್ಪಳಕ್ಕೆ ಕಾರಿನಲ್ಲಿ ಒಯ್ದೆವು. ಕೂಸು ಉಳಿಯಿತು. ಅಕ್ಕ ಸಂಜೆಯೊಳಗೆ ಹೋದಳು. ಮಣ್ಣು ಕೊಟ್ಟದ್ದೂ ಅಳವಂಡಿಯಲ್ಲೇ, ನಮ್ಮ ಹೊಲದಲ್ಲಿ. ನಮ್ಮವ್ವ ಹಟ ಹಿಡಿದಿದ್ದಳು, ಮಗಳು ಕಣ್ಣಳತೆಯಲ್ಲಿ ಇರಲಿ ಅಂತ. ಪ್ರತಿ ವರ್ಷ ಅವತ್ತೇ ಅಕ್ಕನ ಸಮಾಧಿಗೆ ಗದ್ದುಗೆ ಪೂಜೆ, ಅಯ್ಯನವರಿಗೆ ಪ್ರಸಾದ, ಹೋಳಿಗೆ. ಸಮ್ಮಿ ಹುಟ್ಟಿದ ದಿನ ಅಂತ ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲ.

ಕೂಸು ಹೊರಗಿನವರ ಕೈಗೆ ಸಿಗಬಾರದು ಅಂತ ಹಿರಿಯರು ಕೂತು ನನ್ನನ್ನು ಬಾವನಿಗೆ ಕೊಟ್ಟರು. ನಮ್ಮ ಕಡೆ ಹೊಸದೇನಲ್ಲ. ನನ್ನನ್ನೂ ಕೇಳಿದರು. ಹೂಂ ಅಂದೆ. ಬಲವಂತ ಇತ್ತು ಅಂತ ಬರೆದರೆ ಅದೂ ಸುಳ್ಳಾಗುತ್ತದೆ. ಇವರು ಒಳ್ಳೆಯವರು. ನಾನು ಸುಖವಾಗಿದ್ದೇನೆ. ಈ ಮಾತನ್ನು ಯಾರ ಮುಂದೆ ಹೇಳಲಿ, ಅಕ್ಕನ ಫೋಟೋದ ಮುಂದೆಯೇ?

"ಕೂಸಿಗೆ ಈಗ ಹೇಳೂದು ಬ್ಯಾಡ, ದೊಡ್ಡಾಕಿ ಆಗ್ಲಿ" ಅಂದರು ಹಿರಿಯರು. ಗೋಡೆಯ ಮೇಲಿನ ಫೋಟೋ ಯಾರದು ಅಂತ ಕೇಳಿದರೆ ದೊಡ್ಡವ್ವ ಅಂತೇವೆ. ಅವ್ವನ ಅಕ್ಕ ದೊಡ್ಡವ್ವ ತಾನೇ? ಯಾರೂ ತಪ್ಪು ಹಿಡಿಯುವ ಹಾಗಿಲ್ಲ. ಕ್ಲಾಸಿನವರೆಲ್ಲ ಮಮ್ಮಿ ಅಂತಾರೆ, ಸಮ್ಮಿ ನನಗೆ ಅವ್ವ ಅಂತಾಳೆ. ನಾನೇ ಕೂತು ಕಲಿಸಿದ್ದು. ಬೇರೆ ಯಾವ ಹೆಸರಿಗೂ ನನಗೆ ಸಮಾಧಾನ ಇರಲಿಲ್ಲ.

ಹೋದ ವರ್ಷ ಗದ್ದುಗೆಯ ಮುಂದೆ ಕೇಳಿದಳು — ನನ್ನ ಬರ್ತಡೇಕ್ಕ ದೊಡ್ಡವ್ವಗ ಯಾಕ ಪೂಜಿ? ಆಕಿದೂ ಇವತ್ತ ಬರ್ತಡೇ ಅಂದುಬಿಟ್ಟೆ. ಎಷ್ಟು ಕುಣಿದಾಡಿದಳು. ಅವತ್ತಿನಿಂದ "ನಮ್ಮಿಬ್ಬರ ಬರ್ತಡೇ" ಅಂತಲೇ ಅನ್ನುವುದು.

ಈ ವರ್ಷ ಮನೆಯಲ್ಲೇ ಮಾಡುತ್ತೇನೆ. ಡಿಸೆಂಬರ್ ಹದಿನಾಲ್ಕು ಭಾನುವಾರವೇ ಬಂದಿದೆ. ಏನು ಥೀಮ್ ಬೇಕು ಅಂತ ಕೇಳಿದೆ. ಪರಿ, ಯುನಿಕಾರ್ನ್, ಏನಾದರೂ ಅಂದಾಳು ಅಂದುಕೊಂಡೆ.

"ಬಸ್" ಅಂದಳು.

"ಯಾವ ಬಸ್?"

"ಅಳವಂಡಿ ಬಸ್. ಬರ್ತಡೇಕ್ಕ ಬಸ್ಸಿನಾಗ ಹೋಗ್ತೀವಲ್ಲ, ಅದು."

ನವೆಂಬರ್ 20, ಗುರುವಾರ

ಇವರು ದಾಳಿಂಬೆ ತುಂಬುವ ಖಾಲಿ ಡಬ್ಬಿ ತಂದರು, ರಟ್ಟಿನವು. ತಮ್ಮ ಬೀಜ-ಗೊಬ್ಬರದ ಅಂಗಡಿಗೆ ಬರುವ ತೋಟದವರು ಕೊಟ್ಟರಂತೆ. ಪಡಸಾಲೆ ತುಂಬ ದಾಳಿಂಬೆ ವಾಸನೆ. ಎರಡು ಸಾಲು ಜೋಡಿಸಿ ಅಂಟು ಹಾಕಿದರೆ ಬಸ್ಸಿನ ಮೈ. ಸಮ್ಮಿ ಆಗಲೇ ಒಳಗೆ ಕೂತು ಹಾರ್ನ್ ಹೊಡೆಯುತ್ತಿದ್ದಾಳೆ, ಬಾಯಲ್ಲೇ.

ಇವರು ಬಾಗಿಲಲ್ಲಿ ನಿಂತು ನೋಡಿದರು. ಮಾತು ಕಡಿಮೆ ಇವರದು. ಅಂಗಡಿಯಲ್ಲೂ ಗಿರಾಕಿಯೇ ಮೊದಲು ಮಾತಾಡಬೇಕು.

"ಅಳವಂಡಿಗೆ ಏನಂತ ಹೇಳ್ತೀ?"

"ನಾ ಹೇಳ್ತೀನಿ ಬಿಡ್ರಿ ಅವ್ವಗ."

"ಬ್ಯಾರೆ ದಿನ ಇಟ್ಕೊಂಡ್ರ ಆಗಂಗಿಲ್ಲೇನು? ಹಿಂದ-ಮುಂದ?"

"ಆಕಿ ಹುಟ್ಟಿದ್ದು ಹದಿನಾಲ್ಕಕ್ಕರಿ. ಅದೂ ಆಕಿದೇ ತಪ್ಪೇನು?"

ಧ್ವನಿ ಏರಿತ್ತು. ಇವರು ಟೇಪ್ ಹುಡುಕಲು ಹೋದರು. ಅವತ್ತು ಇವರೂ ಹೆಂಡತಿಯನ್ನು ಕಳೆದುಕೊಂಡವರು ಅನ್ನುವುದು ನನಗೆ ಆಮೇಲೆ ನೆನಪಾಗುತ್ತದೆ. ಯಾವಾಗಲೂ ಆಮೇಲೆ.

ನವೆಂಬರ್ 23, ಭಾನುವಾರ

ಅವ್ವನಿಗೆ ಫೋನ್ ಮಾಡಿದೆ. ಮೊದಲು ಮಳೆ-ಬೆಳೆ, ಎಮ್ಮೆ, ಮೊಣಕಾಲು. ಆಮೇಲೆ ಸಲೀಸಾಗಿ ಅಂದೆ:

"ಈ ಸಲ ಬರಾಕ ಆಗಂಗಿಲ್ಲಬೇ. ಸಾಲ್ಯಾಗ ಪ್ರೋಗ್ರಾಮ್ ಐತಿ. ಸಮ್ಮಿನೂ ಡ್ಯಾನ್ಸಿಗೆ ಸೇರ್ಯಾಳ."

ಜಗಳ ಮಾಡುತ್ತಾಳೆ ಅಂದುಕೊಂಡಿದ್ದೆ. ಅದಕ್ಕೆ ಉತ್ತರವೂ ತಯಾರಿತ್ತು.

"ಆಯ್ತವಾ. ಕೂಸಿನ ಡ್ಯಾನ್ಸ್ ತಪ್ಪಸಬ್ಯಾಡ. ಪೂಜಿ ನಾ ಮಾಡ್ತೀನಿ. ನಿನ್ನ ಹೆಸರ್ಲೆನೂ ಕಾಯಿ ಒಡಸ್ತೀನಿ."

ನಂಬಿಬಿಟ್ಟಳು. ಭಾನುವಾರ ಎಂಥ ಸಾಲೆ ಅಂತಲೂ ಕೇಳಲಿಲ್ಲ. ನಿಜ ಹೇಳಿದ್ದರೆ ಬೇಡ ಅನ್ನುತ್ತಿದ್ದಳೇನೋ. ಅನ್ನದೇ ಇದ್ದಿದ್ದರೆ? ಅದೇ ಹೆದರಿಕೆ. ಆಗ ಇಲ್ಲಿಗೇ ಬರುತ್ತಿದ್ದಳು. ಬಂದು ಬಲೂನಿನ ನಡುವೆ ನನ್ನ ಮುಖ ನೋಡುತ್ತಿದ್ದಳು.

ನವೆಂಬರ್ 29, ಶನಿವಾರ

ಪಕ್ಕದ ಮನೆಯ ಇಮಾಮಬಾನು ಖಾಕಿ ಅಂಗಿ ಹೊಲಿದು ಕೊಟ್ಟಳು. ಬ್ಲೌಸ್ ಹೊಲಿಯುವ ಕೈ, ಕಂಡಕ್ಟರ್ ಅಂಗಿಗೂ ಬ್ಲೌಸಿನ ಮಡಿಕೆ, ಡಾರ್ಟ್, ಹಾಕಿದ್ದಾಳೆ. ಸಮ್ಮಿ ಹಾಕಿಕೊಂಡು ಬಿಚ್ಚಲೊಲ್ಲಳು. ಇಮಾಮಬಾನು ಈ ಓಣಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಯಾವಾಗಲೂ ನಾವೇ ಅವಳ ಮನೆಗೆ ಹೋಗುವುದು, ನಮ್ಮ ಹಿಂದಿನದೇನೂ ಅವಳಿಗೆ ಗೊತ್ತಿಲ್ಲ. ಅವಳ ಜೊತೆ ಅಷ್ಟು ಹಗುರಾಗಿರುವುದು ಅದಕ್ಕೇ ಇರಬೇಕು.

"ಏನ್ ಹೇಳ್ರಿ ಟೀಚರ್, ಮೂಗು ಹಣಿ ಎಲ್ಲಾ ಥೇಟ್ ನಿಮ್ಮವ. ಅಪ್ಪಂದು ಏನೂ ಬಂದಿಲ್ಲ."

"ಹೌದಲ್ಲ" ಅಂದೆ. ನಕ್ಕೆ ಬೇರೆ.

"ಹೆರಿಗಿ ನಾರ್ಮಲ್ ಆಗಿತ್ತೇನ್ರಿ?"

"ಇಲ್ಲ. ಆಪರೇಶನ್."

"ಎಲ್ಲೆ, ಕೊಪ್ಪಳದಾಗ?"

"ಹೂಂ. ಭಾಳ ಬ್ಯಾನಿ ತಿಂದೆ. ರಕ್ತ ಹೋಗಿತ್ತು. ಏನೋ ದೇವರು ಉಳಿಸಿದ."

ಹೇಳಿದೆ. ಅಕ್ಕನ ನೋವನ್ನು ನನ್ನದು ಅಂತ ಹೇಳಿದೆ. ಕೊನೆಗೆ ಅವಳು ಬದುಕಲಿಲ್ಲ ಅನ್ನುವುದನ್ನು ಮಾತ್ರ ತಿದ್ದಿ, ನಾನು ಬದುಕಿದೆ ಅಂತ ಮಾಡಿಕೊಂಡೆ. ಇಮಾಮಬಾನು ಪಾಪ, ನನ್ನ ಕೈ ಹಿಡಿದುಕೊಂಡು "ಹೆಣ್ಣ ಜನ್ಮ ನೋಡ್ರಿ" ಅಂದಳು. ಮನೆಗೆ ಬಂದು ಬಟ್ಟೆ ಒಗೆಯಲು ಕೂತೆ. ಒಗೆದದ್ದನ್ನೇ ಮತ್ತೆ ಒಗೆದೆ. ಥೂ ನನ್ನ ಜನ್ಮಕ್ಕೆ.

ಡಿಸೆಂಬರ್ 7, ಭಾನುವಾರ

ವಾರ ಪೂರ್ತಿ ಬರೆದಿಲ್ಲ. ಬರೆಯಲು ಮುಖ ಇರಲಿಲ್ಲ.

ಬಸ್ಸು ತಯಾರು. ಕೆಂಪು ಬಣ್ಣ, ನಡುವೆ ಬಿಳಿ ಪಟ್ಟಿ. ಹಿಟ್ಟು ಜರಡಿ ಹಿಡಿಯುವ ಹಳೆಯ ಸಾಣಿಗೆ ಸ್ಟೇರಿಂಗ್. ಬೆಳ್ಳಿ ಬಣ್ಣದ ಕಾಗದದ ತಟ್ಟೆ ಲೈಟು. ಹಳೆಯ ಕ್ಯಾಲೆಂಡರ್ ಕತ್ತರಿಸಿ ಟಿಕೆಟ್ ಮಾಡಿದೆವು. ಪಡಸಾಲೆ ನಮ್ಮೂರು ಕುಷ್ಟಗಿ, ಅಡುಗೆಮನೆ ಯಲಬುರ್ಗಾ — ಅಲ್ಲಿ ತಿನ್ನಲು ಮಂಡಾಳು, ಮಿರ್ಚಿ. ಹಿತ್ತಲು ಅಳವಂಡಿ, ಕೇಕ್ ಅಲ್ಲಿ.

"ಕೊಪ್ಪಳ ಎಲ್ಲಿಡೂಣು? ಅಲ್ಲೇ ಅಲ್ಲ ನಾವು ಬಸ್ ಬದಲಿ ಮಾಡೂದು?" ಅಂತ ಕೇಳಿದೆ.

"ನನ್ನ ಬಸ್ ಕೊಪ್ಪಳದಾಗ ನಿಂದ್ರಂಗಿಲ್ಲ. ಡೈರೆಕ್ಟ್."

ಎದೆ ಹಗುರಾಯಿತು. ಒಂದು ಮಗು ಆಟಕ್ಕೆ ಹೇಳಿದ ಮಾತು, ಅದಕ್ಕೆ ನಾನು ಹೀಗೆ ಉಸಿರು ಬಿಡುವುದೇ? ಆ ಊರಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಇವಳನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದರು. ಒಳಗೆ ಅಕ್ಕ ಇನ್ನೂ ಇದ್ದಳು. ನಾನು ಕೂಸನ್ನೇ ನೋಡುತ್ತಿದ್ದೆ. ಇದು ನನ್ನದಾಗಿದ್ದರೆ ಅಂತ ಅನ್ನಿಸಿತ್ತು, ಆಗಲೇ, ಆ ಮೆಟ್ಟಿಲ ಮೇಲೆಯೇ.

ಮುಂದಿನ ಕಿಟಕಿ ಸೀಟಿಗೆ ಸಮ್ಮಿ ನನ್ನ ಹಳೆಯ ಸೆರಗಿನ ತುಂಡು ಹಾಸಿಟ್ಟಿದ್ದಾಳೆ. ಯಾರಿಗೆ ಅಂದರೆ "ದೊಡ್ಡವ್ವಗ ರಿಸರ್ವ್" ಅಂತಾಳೆ.

ಡಿಸೆಂಬರ್ 13, ಶನಿವಾರ. ಸಂಜೆ

ಕುಕ್ಕರಿನಲ್ಲಿ ರವೆ ಕೇಕ್. ತಳ ಸ್ವಲ್ಪ ಹತ್ತಿತು, ಕೆರೆದು ತೆಗೆದೆ. ಉದ್ದಕ್ಕೆ ಕತ್ತರಿಸಿ ಬಸ್ಸು ಮಾಡಿದೆ. ಗಾಲಿಗೆ ಬಿಸ್ಕೀಟು.

ಗೋಡೆಯಿಂದ ಅಕ್ಕನ ಫೋಟೋ ಇಳಿಸಿದೆ. ನಾಳೆ ಮಕ್ಕಳ ತಾಯಂದಿರು ಬರುತ್ತಾರೆ. ಹಾರ ಹಾಕಿದ ಫೋಟೋ, ಇಷ್ಟು ಸಣ್ಣ ವಯಸ್ಸು, ಯಾರ್ರಿ ಅಂತ ಕೇಳಿಯೇ ಕೇಳುತ್ತಾರೆ. ಸೀರೆಗಳ ಮಧ್ಯೆ ಅಲಮಾರಿನಲ್ಲಿ ಇಟ್ಟೆ. ಮೊಳೆ ಹಾಗೇ ಕಾಣುತ್ತದೆ ಅಂತ ಅಲ್ಲೊಂದು ಬಲೂನು ಕಟ್ಟಿದೆ. ಇವರು ಅಂಗಡಿಯಿಂದ ಬಂದು ಗೋಡೆ ನೋಡಿದರು. ಊಟಕ್ಕೆ ಒಂದು ರೊಟ್ಟಿ ಸಾಕು ಅಂದರು.

ಡಿಸೆಂಬರ್ 14, ಭಾನುವಾರ. ಬೆಳಿಗ್ಗೆ

ಈಗ ಅಲ್ಲಿ ಪೂಜೆ ನಡೆದಿರುತ್ತದೆ. ನಾನಿಲ್ಲಿ ಬಲೂನು ಊದುತ್ತಿದ್ದೇನೆ.

ಡಿಸೆಂಬರ್ 15, ಸೋಮವಾರ

ರಜೆ ಹಾಕಿದ್ದೇನೆ. ಅವ್ವ ಬೆಳಗಿನ ಬಸ್ಸಿಗೆ ಹೋದಳು.

ಹೌದು, ಬಂದಿದ್ದಳು. ಸರಿಯಾಗಿ ಬರೆಯುತ್ತೇನೆ.

ನಾಲ್ಕಕ್ಕೆ ಮಕ್ಕಳು ಬಂದರು. ಗದ್ದಲ ಕೇಳಬೇಕು. ಸಮ್ಮಿ ಖಾಕಿ ಅಂಗಿ, ಕೊರಳಲ್ಲಿ ಸೀಟಿ, ಬಾಗಿಲಲ್ಲೇ ನಿಂತು ಟಿಕೆಟ್ ಹರಿಯುತ್ತಿದ್ದಳು. ಇಮಾಮಬಾನು ಶರಬತ್ತು ಹಂಚುತ್ತಿದ್ದಳು. ಇವರು ಡ್ರೈವರ್, ಸಾಣಿಗೆ ಹಿಡಿದು ಕೂತಿದ್ದರು. ನಾನು ಖುಷಿಯಾಗಿದ್ದೆ. ಅದನ್ನೂ ಬರೆಯುತ್ತೇನೆ, ಭಾಳ ಖುಷಿಯಾಗಿದ್ದೆ. ಆಗ ಸಮ್ಮಿ ಕೂಗಿದಳು:

"ಅಜ್ಜಿ ಬಂದ್ಳು. ಅಜ್ಜೀ, ಟಿಕೆಟ್ ತಗೋ, ಇಲ್ಲಾಂದ್ರ ಒಳಗ ಬಿಡಂಗಿಲ್ಲ."

ಬಾಗಿಲಲ್ಲಿ ಅವ್ವ. ಕೈಯಲ್ಲಿ ಹೋಳಿಗೆ ಡಬ್ಬಿ, ಹಣೆಯಲ್ಲಿ ಪೂಜೆಯ ವಿಭೂತಿ. ಕೂಸು ಬರಲಿಲ್ಲ, ಪ್ರಸಾದ ತಪ್ಪಬಾರದು ಅಂತ ಬೆಳಿಗ್ಗೆಯೇ ಪೂಜೆ ಮುಗಿಸಿ ಎರಡು ಬಸ್ಸು ಹತ್ತಿ ಬಂದಿದ್ದಾಳೆ. ಬಲೂನು ನೋಡಿದಳು. ಕೆಂಪು ಬಸ್ಸು ನೋಡಿದಳು. ಗೋಡೆ ನೋಡಿದಳು. ನನ್ನ ಕಡೆ ನೋಡಲಿಲ್ಲ.

ಸಮ್ಮಿ ಟಿಕೆಟ್ ಕೊಟ್ಟು ಕೈ ಹಿಡಿದು ಕರೆದುಕೊಂಡು ಹೋಗಿ ಬಸ್ಸಿನಲ್ಲಿ ಕೂರಿಸಿದಳು. ಆಮೇಲೆ "ತಡೀ" ಅಂತ ಒಳಗೆ ಓಡಿದಳು. ಅಲಮಾರು ತೆಗೆದ ಸದ್ದು. ಫೋಟೋ ಎದೆಗವಚಿಕೊಂಡು ಬಂದಳು. ನಾನು ಇಟ್ಟದ್ದನ್ನು ಯಾವಾಗ ನೋಡಿದ್ದಳೋ. ಸೆರಗಿನ ತುಂಡಿನ ಮೇಲೆ ಇಟ್ಟಳು, ಅಜ್ಜಿಯ ಪಕ್ಕ.

"ದೊಡ್ಡವ್ವಂದೂ ಇವತ್ತ ಬರ್ತಡೇ. ಎಲ್ಲಾರೂ ಇಬ್ಬರಿಗೂ ಹೇಳ್ಬೇಕು" ಅಂದಳು ಮಕ್ಕಳಿಗೆ.

ಮಕ್ಕಳು ಹಾಡಿದರು. ಹ್ಯಾಪಿ ಬರ್ತಡೇ ದೊಡ್ಡವ್ವಾ ಅಂತ, ಕಿರುಚಿ ಕಿರುಚಿ. ಇವರು ಸಾಣಿಗೆ ಕೆಳಗಿಟ್ಟು ಎದ್ದು ಹಿತ್ತಲಿಗೆ ಹೋದರು.

ಇಮಾಮಬಾನು ಪಾಪ ಗೊತ್ತಿಲ್ಲದೆ ಕೇಳಿದಳು, "ಯಾರ್ರಿ ಅಮ್ಮಾ ಇವರು?"

"ನನ್ನ ಹಿರಿ ಮಗಳವಾ. ಇವತ್ತಿಗೆ ಆರು ವರ್ಷಾತು ತೀರಿಕೊಂಡು."

ಶರಬತ್ತಿನ ಜಗ್ಗು ಹಾಗೇ ನಿಂತಿತು. ತಾಯಂದಿರೆಲ್ಲ ನನ್ನ ಮುಖ ನೋಡಿದರು. ಸಮ್ಮಿ ಅಜ್ಜಿಯ ಮುಖ ನೋಡಿದಳು.

"ಇವತ್ತ ಬರ್ತಡೇ ಅಲ್ಲ?"

ಅವ್ವ ಒಂದು ಮಾತಿನಲ್ಲಿ ಎಲ್ಲ ಮುಗಿಸಬಹುದಿತ್ತು. ಎಲ್ಲರ ಎದುರು. ಮುಗಿಸಲಿ ಅಂತ ನನಗೂ ಒಂದು ಕ್ಷಣ ಅನ್ನಿಸಿತು. ಅವ್ವ ಫೋಟೋ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

"ಮೊದಲ ಬಸ್ ಬಿಡವಾ ಕಂಡಕ್ಟರ್. ಹೊತ್ತಾಗೇತಿ."

ಸಮ್ಮಿ ಸೀಟಿ ಊದಿದಳು. ಇಮಾಮಬಾನು ಜಗ್ಗು ಇಟ್ಟು ಡ್ರೈವರ್ ಸೀಟಿನಲ್ಲಿ ಕೂತಳು. ಮಕ್ಕಳು ಇಳಿದು ಅಡುಗೆಮನೆ ದಾಟಿ ಅಳವಂಡಿ ತಲುಪುವವರೆಗೂ ಅವ್ವ ಇಳಿಯಲಿಲ್ಲ. ಕೇಕ್ ಬಾಯಿಗಿಟ್ಟರೆ ತಿಂದಳು. ಮಕ್ಕಳಿಗೆಲ್ಲ ಹೋಳಿಗೆ ಹಂಚಿದಳು.

ಎಲ್ಲರೂ ಹೋದ ಮೇಲೆ ಪಾತ್ರೆ ತಿಕ್ಕಲು ಕೂತೆ. ಅವ್ವ ಪಕ್ಕದಲ್ಲಿ ಬಂದು ಕೂತಳು.

"ಸಾಲ್ಯಾಗ ಪ್ರೋಗ್ರಾಮ್ ಅಂದಿದ್ದಿ."

"ತಪ್ಪಾತಬೇ."

"ಬರ್ತಡೇ ಮಾಡಬ್ಯಾಡ ಅಂತ ನಾ ಯಾವತ್ತರ ಅಂದೀನೇನು? ಕೇಳಿದ್ಯಾ ನೀ ನನ್ನ? ಕೂಸಿಗೆ ಹೊಸ ಅಂಗಿ ನಾನ ತರ್ತಿದ್ದೆ."

ನಾನು ಕೇಕಿನ ತಟ್ಟೆ ತಿಕ್ಕುತ್ತಿದ್ದೆ.

"ಮಗಳ ಹೋದ್ಲು, ಆಕಿ ಮನಿ ನಿನಗಾತು. ಆಕಿ ಗಂಡ, ಆಕಿ ಕೂಸು, ನಾವ ಕೊಟ್ಟೀವಿ, ಅದಕ್ಕ ನನಗ ದುಃಖ ಇಲ್ಲ. ಆದ್ರ ಆಕಿ ಸತ್ತ ದಿನಾನ ಹುಟ್ಟಿದ ದಿನ ಅಂತ ಹೇಳಿದ್ಯಲ್ಲ. ಶಿವಲೀಲಾ ಹುಟ್ಟಿದ್ದು ಕಾರಹುಣ್ಣಿಮಿ ಮರುದಿನ, ಎತ್ತಿನ ಮೈಮ್ಯಾಲಿನ ಬಣ್ಣ ಇನ್ನೂ ಹೋಗಿರ್ಲಿಲ್ಲ. ಹಡದಾಕಿ ನಾ ಇನ್ನೂ ಅದೀನಿ. ನನ್ನ ಕೇಳಬೇಕಿತ್ತು ನೀ."

ಅಳಲಿಲ್ಲ ಅವ್ವ. ಅತ್ತಿದ್ದರೆ ನಾನೂ ಅತ್ತು ಹಗುರಾಗುತ್ತಿದ್ದೆ. ಬೆಳಿಗ್ಗೆ ಹೊರಡುವಾಗ ಅಷ್ಟೇ ಅಂದಳು:

"ಆಕಿಗೆ ನಾ ಹೇಳಂಗಿಲ್ಲ. ಹೇಳೂದಿದ್ರ ನಿನ್ನೆ ಹೇಳ್ತಿದ್ದೆ. ನೀನ ಹೇಳು. ಓಣ್ಯಾಗಿನವ್ರು ಹೇಳೂಕಿಂತ ಮೊದಲ ಹೇಳು."

ಮಧ್ಯಾಹ್ನ ಇಮಾಮಬಾನು ಬಂದಿದ್ದಳು. ಅವಳಿಗೂ ಹೇಳಿದೆ. ಆಪರೇಶನ್ ನನ್ನದಲ್ಲ ಅಂತ. ಕೈಯಲ್ಲಿದ್ದ ದಾರದ ಉಂಡೆ ಸುತ್ತುತ್ತಾ ಕೂತಳು. "ಬ್ಯಾರೇರು ಹಡದದ್ದು ಅಂದ್ರ ನಾ ಏನ್ ಸಣ್ಣಾಗಿ ನೋಡ್ತಿದ್ದೆನೇನ್ರಿ ಟೀಚರ್?" ಅಂದಳು. ಅಷ್ಟೇ. ಸಣ್ಣದಾಗಿ ನೋಡಿದವಳು ನಾನೇ, ನನ್ನನ್ನು.

ಡಿಸೆಂಬರ್ 18, ಗುರುವಾರ. ಸಂಜೆ

ಮೂರು ದಿನ ದಾಟಿಸಿದೆ. ನಾಳೆ, ನಾಡಿದ್ದು, ರಜೆಯಲ್ಲಿ, ಅಂತ. ಮಗುವಿನ ಮನಸ್ಸು ನೊಂದೀತು ಅಂತ ಇವರ ಮುಂದೆ ಹೇಳಿದೆ. ಇವರು ಮೊದಲ ಸಲ ನೇರವಾಗಿ ಅಂದರು, "ಕೂಸಿನ ಹೆದರಿಕಿ ಅಲ್ಲ ಲಲಿತಾ, ನಿನ್ನ ಹೆದರಿಕಿ." ಸರಿಯಾಗಿಯೇ ಅಂದರು. ನಾನು ಚಿಗವ್ವ, ಬರೀ ಅವ್ವನ ತಂಗಿ, ಆಗಿಬಿಡುತ್ತೇನೆ ಅನ್ನುವ ಹೆದರಿಕೆ. ಇಷ್ಟು ವರ್ಷ ಅದನ್ನೇ ಮಗುವಿನ ಹಿತ ಅಂತ ಹೇಳಿಕೊಂಡು ಬಂದೆ.

ಇವತ್ತು ಸಾಲೆಯಿಂದ ಬಂದ ಮೇಲೆ ಹೇಳಿದೆ. ಇವರೂ ಅಂಗಡಿ ಬಿಟ್ಟು ಬಂದು ಪಕ್ಕದಲ್ಲಿ ಕೂತಿದ್ದರು. ಫೋಟೋ ಮತ್ತೆ ಗೋಡೆಯ ಮೇಲಿದೆ. ಅದನ್ನು ತೋರಿಸಿ ಹೇಳಿದೆ. ನೀ ಈಕಿ ಹೊಟ್ಟ್ಯಾಗ ಇದ್ದಿ, ಈಕಿ ನಿನ್ನ ಹಡದಾಳ, ಅವತ್ತ ಆಕಿ ದೇವರ ಕಡೆ ಹೋದ್ಲು, ಆಮ್ಯಾಲ ನಿನ್ನ ನಾ ಎತ್ಕೊಂಡೆ. ಬರ್ತಡೇ ಅಂತ ಹೇಳಿದ್ದು ಸುಳ್ಳು. ತಪ್ಪು ನಂದು.

ನಾನು ಹೇಳುವಾಗ ಸಮ್ಮಿ ಮಧ್ಯೆ ಒಮ್ಮೆ ಫೋಟೋ ನೋಡಿದಳು, ಒಮ್ಮೆ ನನ್ನ ಹೊಟ್ಟೆ ನೋಡಿದಳು.

"ನಾ ಹುಟ್ಟಿದ್ದಕ್ಕ ಆಕಿ ಸತ್ಲೇನು?"

ಇವರು ಅವಳನ್ನು ಎಳೆದು ತಬ್ಬಿಕೊಂಡರು. "ಇಲ್ಲವಾ. ಆಕಿಗೆ ಜಡ್ಡಾಗಿತ್ತು. ನಿನ್ನ ಉಳಿಸಿಕೊಂಡೇ ಹೋಗ್ಯಾಳ ಆಕಿ" ಅಂದರು. ಇವರು ಅಕ್ಕನ ಬಗ್ಗೆ ನನ್ನೆದುರು ಇಷ್ಟು ಮಾತಾಡಿದ್ದು ಇದೇ ಮೊದಲು. ಅತ್ತರು. ಸಮ್ಮಿ ಅವರ ಕಣ್ಣೊರೆಸಿದಳು. ಅವಳು ಅಳಲಿಲ್ಲ.

ಅಷ್ಟೇ ಆದದ್ದು. ಆಮೇಲೆ ಹಾಲು ಕುಡಿದಳು. ಹೋಮ್‌ವರ್ಕ್ ಮಾಡಿದಳು. ಆದರೆ ಒಂದು ಗಮನಿಸಿದೆ. ಹಾಲು ಬೇಕು ಅಂದಳು. ಪೆನ್ಸಿಲ್ ಎಲ್ಲಿ ಅಂದಳು. ಇಮಾಮಬಾನು ಆಂಟಿ ಮನೀಗೆ ಹೋಗಿ ಬರ್ತೀನಿ ಅಂದಳು. ಯಾವುದಕ್ಕೂ ನನ್ನನ್ನು ಏನಂತಲೂ ಕರೆಯಲಿಲ್ಲ. ಅವ್ವಾ ಅನ್ನದೆ ಅವಳ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಎಷ್ಟೋ ಸಲ ನಾನೇ ಬೈದಿದ್ದೇನೆ, ಸಾಕು ಮಾಡಬೇ, ಎಷ್ಟು ಸಲ ಕರೀತಿ ಅಂತ.

ಕರೆಯದಿದ್ದರೆ ಕೇಳುವ ಹಕ್ಕು ನನಗಿಲ್ಲ. ಏನಂತ ಕರೆದರೂ ಓ ಅನ್ನಬೇಕು. ಚಿಗವ್ವ ಅಂದರೂ ಓ ಅನ್ನಬೇಕು. ಇವತ್ತು ಅವಳಿಗೆ ನಿಜ ಹೇಳಿದ್ದಕ್ಕೆ ಅಷ್ಟನ್ನಾದರೂ ನಾನು

ಗೇಟಿನ ಸದ್ದು. ಬಂದಳು. ದಿನಾ ಗೇಟಿನಿಂದಲೇ ಕೂಗುತ್ತಾ ಬರುವವಳು, ಇವತ್ತು ಸದ್ದಿಲ್ಲ. ಚಪ್ಪಲಿ ಬಿಡುತ್ತಿದ್ದಾಳೆ. ಒಂದು ಬಿಟ್ಟಳು. ಬಾಗಿಲ ಹತ್ತಿರ ನಿಂತಿದ್ದಾಳೆ, ನೆರಳು ಕಾಣುತ್ತದೆ, ಏನಂತ ಕರೆಯುತ್ತಾಳೋ. ಈಗ